ಹಣೆಗೆ ಸುಣ್ಣ

ಟೈ ಕಟ್ಟಿಕೊಂಡವನು ಬಸ್ಸಿನಲ್ಲಿ ನಿಂತು ಬರಬಾರದು ಎಂಬುದು ಹಾರನಹಳ್ಳಿ ದಾಟುವ ಹೊತ್ತಿಗೆ ಧರ್ಮೇಶನಿಗೆ ಚೆನ್ನಾಗಿ ಅರ್ಥವಾಗಿತ್ತು. ಗಂಡಸಿಯಲ್ಲಿ ಹತ್ತಿದಾಗಿನಿಂದ ಒಬ್ಬ ಮುದುಕ ಅದನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ “ಮದ್ವೆನಾ?” ಎಂದು ಕೇಳಿದ. ಅಲ್ಲ, ಇಂಟರ್‌ವ್ಯೂ, ಎಂದ ಧರ್ಮೇಶ. “ಒಳ್ಳೇದಾಗ್ಲಿ, ಹೆಣ್ಣು ಯಾವೂರು?” ಎಂದ ಮುದುಕ. ಸುತ್ತ ನಿಂತವರು ನಕ್ಕರು. ಧರ್ಮೇಶನೂ ನಕ್ಕ, ನಗದಿದ್ದರೆ ಜಂಬ ಎಂದುಕೊಂಡಾರು ಎಂಬ ಭಯಕ್ಕೆ. ನಕ್ಕ ಮೇಲೆ, ತಾನು ಯಾಕೆ ನಗಬೇಕಾಗಿತ್ತು ಎಂದು ತನ್ನ ಮೇಲೇ ಸಿಟ್ಟು ಬಂತು. ಅವನ ಸ್ವಭಾವವೇ ಹಾಗೆ. ಯಾರಾದರೂ ಕಾಲು ತುಳಿದರೆ ಮೊದಲು ತಾನೇ ‘ಸಾರಿ’ ಹೇಳಿ, ಆಮೇಲೆ ಮನೆಗೆ ಹೋಗಿ ರಾತ್ರಿಯೆಲ್ಲ ಆ ಕಾಲಿನ ಜೊತೆ ಜಗಳವಾಡುವವನು. ಬೆವರಿಗೆ ಟೈ ಕತ್ತಿಗೆ ಅಂಟಿಕೊಂಡಿತ್ತು. ‘ಮೈಸೆಲ್ಫ್ ಧರ್ಮೇಶ್, ಕಮಿಂಗ್ ಫ್ರಂ ಗಂಡಸಿ’ ಎಂಬ ವಾಕ್ಯವನ್ನು ಬಾಯೊಳಗೇ ಉರುಳಿಸುತ್ತ ಬಂದಿದ್ದ. ಮುದುಕನ ಪ್ರಶ್ನೆಯಿಂದಾಗಿ ಅದರ ಬಾಲಕ್ಕೆ ಈಗ ‘ಹೆಣ್ಣು ಯಾವೂರು’ ಎಂಬುದೂ ಸೇರಿಕೊಂಡು, ಏನು ಮಾಡಿದರೂ ಬಿಡಲೊಲ್ಲದು.

ಕೆಲಸ ಅಂಥ ದೊಡ್ಡದೇನೂ ಅಲ್ಲ. ಅರಸೀಕೆರೆಯ ‘ಸ್ಫೂರ್ತಿ ಮಾರ್ಕೆಟಿಂಗ್ ಸರ್ವಿಸಸ್’ ಎಂಬ ಹೊಸ ಕಂಪನಿಗೆ ಫೀಲ್ಡ್ ಎಕ್ಸಿಕ್ಯೂಟಿವ್‌ಗಳು ಬೇಕಾಗಿದ್ದರು. ಮನೆಮನೆಗೆ ಹೋಗಿ ಸ್ಟೀಲಿನ ನೀರಿನ ಫಿಲ್ಟರು ಮಾರುವುದಕ್ಕೆ ಆ ಹೆಸರು. “ಸಂತೇಲಿ ಮಾರೋನ್ನ ವ್ಯಾಪಾರಿ ಅಂತಾರೆ, ಬೀದೀಲಿ ಮಾರೋನ್ನ ಎಕ್ಸಿಕ್ಯೂಟಿವ್ ಅಂತಾರೋ?” ಎಂದು ಅಪ್ಪ ಭೀಮರಾಜ್ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿ ಕೇಳಿದ್ದರು. ಆದರೆ ಧರ್ಮೇಶನನ್ನು ಹಿಡಿದದ್ದು ಆ ಹೆಸರಲ್ಲ, ಜಾಹೀರಾತಿನ ಕೊನೆಯ ಸಾಲು: ‘ಪ್ರತಿಭೆಗೆ ಮಾತ್ರ ಮನ್ನಣೆ.’ ಡಿಗ್ರಿ ಮುಗಿದಾಗಿನಿಂದ ಎದುರಾದವರೆಲ್ಲ ಅವನಿಗೆ ಒಂದೇ ಮಾತು ಹೇಳುತ್ತಿದ್ದರು, “ನಿಮ್ಗೇನ್ ಬಿಡಪ್ಪ, ಸರ್ಕಾರನೇ ಕರ್ದು ಕೊಡುತ್ತೆ.” ಕರೆದು ಕೊಡುವ ಆ ಸರ್ಕಾರ ಇವನ ಮನೆಯ ವಿಳಾಸ ಎಲ್ಲಿ ಕಳೆದುಕೊಂಡಿತ್ತೋ, ಇದುವರೆಗೆ ಒಂದು ಕಾರ್ಡೂ ಹಾಕಿರಲಿಲ್ಲ. ಕೊಟ್ಟಿದ್ದರೂ ಹೇಳುವವರು ಹೇಳುತ್ತಲೇ ಇರುತ್ತಿದ್ದರು; ಕೊಡದೆಯೂ ಹೇಳಿಸಿಕೊಳ್ಳುವ ಯೋಗ ಇವನದು. ಜಾತಿ ಸರ್ಟಿಫಿಕೇಟು ತೋರಿಸದೆ, ಯಾರ ಹಂಗೂ ಇಲ್ಲದೆ, ಬರೀ ತನ್ನ ಮಾತಿನ ಬಲದಿಂದ ಒಂದು ಕೆಲಸ ಗಿಟ್ಟಿಸಬೇಕು, ‘ಇದು ನನ್ನದು’ ಅನ್ನಬೇಕು ಎಂಬುದು ಒಂದು ಹಟವಾಗಿ ಅವನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಹೇಳಿಕೊಂಡರೆ ಅಪ್ಪ ನಗುತ್ತಾರೆಂದು ಹೇಳಿರಲಿಲ್ಲ. ನಗುತ್ತಿರಲಿಲ್ಲವೇನೋ. ಅಪ್ಪನೂ ಇಂಥ ಹಟದವರೇ.

ಅಪ್ಪನ ಹಟ ಹಣೆಯದು. ಅವ್ವ ಹನುಮಮ್ಮ ಪರೀಕ್ಷೆಯ ದಿನ ಕದ್ದು ಮಗನ ಹಣೆಗೆ ಕುಂಕುಮವನ್ನೋ ಯಾವುದೋ ಗುಡಿಯ ವಿಭೂತಿಯನ್ನೋ ಹಚ್ಚಿದರೆ, ಅಪ್ಪ ಗೇಟಿನ ಹತ್ತಿರ ನಿಲ್ಲಿಸಿ ತಮ್ಮ ಕರ್ಚೀಫಿನಿಂದ ಚರ್ಮ ಕೆಂಪಾಗುವಂತೆ ಒರೆಸಿ ಕಳಿಸುತ್ತಿದ್ದರು. “ಹಣೆ ಬರಿ ಇರ್ಲಿ. ಯಾರಾದ್ರೂ ಕೇಳಿದ್ರೆ ಬೌದ್ಧರು ಅನ್ನು, ಮುಗೀತು.” ಅಪ್ಪನ ಅಪ್ಪ ಹುಚ್ಚಣ್ಣ ಇದೇ ಅರಸೀಕೆರೆ ಪೇಟೆಯ ಕೊಬ್ಬರಿ ಮಂಡಿಗಳಲ್ಲಿ ಮೂಟೆ ಹೊರುತ್ತಿದ್ದವನು. ಮೂಟೆ ಒಳಗೆ ಹೋಗಬಹುದಿತ್ತು, ಮೂಟೆ ಇಳಿಸಿದ ಮೇಲೆ ಹುಚ್ಚಣ್ಣ ಮೆಟ್ಟಿಲ ಕೆಳಗೆ ನಿಲ್ಲಬೇಕಿತ್ತು. ನಿಂತು, ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು, “ಬುದ್ಧಿ” ಎನ್ನುತ್ತಿದ್ದನಂತೆ. ಬುದ್ಧಿ, ಬಂದೆ. ಬುದ್ಧಿ, ತಪ್ಪಾಯ್ತು. ಭೀಮರಾಜ್ ಬೌದ್ಧರಾದ ದಿನ ಮನೆಯಿಂದ ಮೊದಲು ಹೊರಹಾಕಿದ್ದು ದೇವರ ಪಟಗಳನ್ನಲ್ಲ, ಈ ಪದವನ್ನು. “ಬುದ್ಧಿ ಅನ್ನೋದು ನಮ್ಮಪ್ಪಂಗೇ ಮುಗೀತು. ನಮ್ಗೆ ಬುದ್ಧ ಸಾಕು” ಎನ್ನುತ್ತಿದ್ದರು. ಆ ಪದದ ಮೇಲೆ ಅವರಿಗೆ ಎಂಥ ದ್ವೇಷವೆಂದರೆ, ಮೂವತ್ತು ವರ್ಷ ಮೇಷ್ಟ್ರಾಗಿದ್ದೂ ಒಬ್ಬ ಹುಡುಗನಿಗಾದರೂ ‘ಬುದ್ಧಿ ಇಲ್ವೇನೋ’ ಎಂದು ಬೈದವರಲ್ಲ. ‘ತಲೆ ಇಲ್ವೇನೋ’ ಎನ್ನುತ್ತಿದ್ದರು.

ಮಗನಿಗೆ ಮಾತ್ರ ಆ ಒಂದು ಪದ, ಬೌದ್ಧರು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೇಳಬಾರದೆಂದಲ್ಲ. ಹೇಳಿದ ಮೇಲೆ ಎದುರಿನವರ ಮುಖ ‘ಓಹೋ’ ಎಂದು ಒಂದು ಕ್ಷಣ ತಡೆದು, ಮತ್ತೆ ನಗುವನ್ನು ಎಳೆದು ತಂದು ಕೂರಿಸಿಕೊಳ್ಳುತ್ತದಲ್ಲ, ಆ ಕ್ಷಣವನ್ನು ಅವನು ತಾಳಲಾರ. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದ. ‘ಯಾವ ಕಡೆಯೋರು?’ ಎಂದು ಯಾರಾದರೂ ಕೇಳಿದರೆ, ಪ್ರಶ್ನೆ ಅರ್ಥವೇ ಆಗದವನ ಹಾಗೆ ‘ಗಂಡಸಿ ಕಡೆಯೋರು’ ಎಂದುಬಿಡುವುದು. ಕೆಲವರು ನಾಚಿ ಸುಮ್ಮನಾಗುತ್ತಿದ್ದರು. ನಾಚದವರು ‘ಅದಲ್ಲ, ಯಾವ ಜನ?’ ಎಂದು ಮುಂದುವರಿಯುತ್ತಿದ್ದರು. ಆಗ ಅವನಿಗೆ ಕೆಮ್ಮು ಬರುತ್ತಿತ್ತು.

ಕಂಪನಿಯ ಆಫೀಸು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ದೇವೀರಪ್ಪನವರ ಕೊಬ್ಬರಿ ಮಂಡಿಯ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಅಪ್ಪನ ಮಂಡಿ, ಮಧ್ಯೆ ಮಗ ಶರತ್‌ಚಂದ್ರನ ಮಾರ್ಕೆಟಿಂಗು, ಅದರ ಮೇಲೆ ಅವರ ಮನೆ. ಯುಗಾದಿ ಹತ್ತಿರ ಬಂದಿದ್ದರಿಂದ ಮೆಟ್ಟಿಲ ಗೋಡೆಗೆಲ್ಲ ಸುಣ್ಣ ಬಳಿಯುತ್ತಿದ್ದರು. ಧರ್ಮೇಶ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಏಣಿಯ ಮೇಲಿದ್ದ ಮುದುಕ, ಗಿಡ್ಡಯ್ಯ ಎಂದು ಅವನ ಹೆಸರು, “ಏಯ್ ಟೈ! ಅತ್ಲಾಗ್ ಸರ್ಕಳ್ಲಾ, ತಲೆ ಮ್ಯಾಲ್ ಸುರ್ದಾತು!” ಎಂದು ಕೂಗಿದ. ಧರ್ಮೇಶ ‘ಸಾರಿ’ ಎಂದು ಸರಿದುಕೊಂಡ.

ಮೇಲೆ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಪ್ರತಿಭೆಗಳು ಕೂತಿದ್ದವು. ಒಬ್ಬ ಕಣ್ಣು ಮುಚ್ಚಿ ಬಾಯಿ ಆಡಿಸುತ್ತಿದ್ದ. ಇನ್ನೊಬ್ಬ ಶೂ ಕಳಚಿ ಸಾಕ್ಸು ಮೂಸಿ ಮತ್ತೆ ಹಾಕಿಕೊಂಡ. ಗೋಡೆಯ ಮೇಲೆ ಹಿಮದ ಬೆಟ್ಟ ಹತ್ತುತ್ತಿರುವ ಬಿಳಿಯನ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಗೆಲುವಿನ ಬಗ್ಗೆ ಏನೋ ಬರೆದಿತ್ತು. ಒಳಗಿನಿಂದ ಹಳೇಬೀಡಿನ ಹುಡುಗನೊಬ್ಬ ಬೆವರೊರೆಸಿಕೊಳ್ಳುತ್ತ ಹೊರಬಂದ. ಐದು ವರ್ಷ ದೇವಸ್ಥಾನದ ಹತ್ತಿರ ಗೈಡ್ ಆಗಿದ್ದವನು. “ನಿಮ್ ಬಗ್ಗೆ ಹೇಳಿ ಅಂದ್ರು ಕಣ್ರೀ. ಇಂಗ್ಲಿಷಲ್ಲಿ ಬಾಯಿ ತೆಗ್ದೆ, ಹೊಯ್ಸಳರು ಬಂದ್‌ಬಿಟ್ರು. ನಿಲ್ಸಕ್ಕೇ ಆಗ್ಲಿಲ್ಲ, ನಂದಿ ಮಂಟಪದ ತಂಕ ಹೋದೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೋಗುವಾಗ ದನಿ ತಗ್ಗಿಸಿ ಧರ್ಮೇಶನ ಕಡೆ ಬಗ್ಗಿದ: “ಇಂಗ್ಲಿಷೆಲ್ಲ ಮಗಂದು, ಸುಮ್ನೆ. ಮೂಲೇಲಿ ಅಪ್ಪ ಕೂತವ್ರೆ. ಅವ್ರು ಕೇಳದು ಒಂದೇ, ಯಾವ್ ಕಡೆಯೋರು ಅಂತ. ಅದೇ ಇಂಟರ್‌ವ್ಯೂ.”

ಧರ್ಮೇಶ ತಲೆಯೆತ್ತಿ ಒಳಗಿನ ಬಾಗಿಲ ಕಡೆ ನೋಡಿದ. ಆಗಲೇ ಎದುರಿನ ಸಾಲಿನಲ್ಲಿ ಯಶೋಧರಾ ಕೂತಿರುವುದು ಕಂಡದ್ದು. ಹಾರನಹಳ್ಳಿಯವಳು, ಕಾಲೇಜಿನಲ್ಲಿ ಅವನಿಗಿಂತ ಒಂದು ವರ್ಷ ಚಿಕ್ಕವಳು. ಅವಳ ಅಪ್ಪನೂ ಇವನ ಅಪ್ಪನೂ ಬುದ್ಧ ಪೂರ್ಣಿಮೆಯ ದಿನ ಒಂದೇ ವೇದಿಕೆಯಲ್ಲಿ ಭಾಷಣ ಮಾಡುವವರು. ಬೇರೆ ಯಾರಾದರೂ ಆಗಿದ್ದರೆ ಧರ್ಮೇಶನಿಗೆ ಧೈರ್ಯ ಬರುತ್ತಿತ್ತು, ಇವಳನ್ನು ಕಂಡು ಇದ್ದದ್ದೂ ಹೋಯಿತು. ಕಾಲೇಜಿನ ದಿನಗಳಲ್ಲಿ ಟೂರಿಗೆಂದು ಬೇಲೂರಿಗೆ ಹೋದಾಗ, ನೀರು ಕೇಳಿದ ಮನೆಯ ಯಜಮಾನಿ ಚೊಂಬು ಹಿಡಿದುಕೊಂಡೇ “ಯಾವ ಕಡೆಯೋರಪ್ಪ?” ಎಂದಿದ್ದರು. “ಗಂಡಸಿ ಕಡೆ” ಎಂದು ಇವನು ಶುರುಮಾಡುವಷ್ಟರಲ್ಲಿ ಯಶೋಧರಾ “ಬೌದ್ಧರು ಕಣಮ್ಮ. ನೀರು ಕೊಡ್ತೀರೋ, ಪಕ್ಕದ್ಮನೆ ಕೇಳಣೋ?” ಎಂದುಬಿಟ್ಟಿದ್ದಳು. ಆ ಹೆಂಗಸು ಕೊಟ್ಟರು, ಮೇಲಿನಿಂದ, ಬೊಗಸೆಗೆ. ಯಶೋಧರಾ ಕುಡಿಯದೆ ಕೈ ತೊಳೆದುಕೊಂಡಳು. ಧರ್ಮೇಶ ಕುಡಿದ. ಬಾಯಾರಿತ್ತು. ಬಸ್ಸಿಗೆ ವಾಪಸು ನಡೆಯುವಾಗ ಅವಳು ಏನೂ ಬೈಯಲಿಲ್ಲ, “ಗಂಡಸಿ ಕಡೆಯೋರು” ಎಂದು ಒಂದು ಸಲ ಹೇಳಿ ನಕ್ಕಿದ್ದಳು, ಅಷ್ಟೆ. ಆ ನೀರು ಇವತ್ತಿಗೂ ಅವನ ಗಂಟಲಿನಿಂದ ಪೂರ್ತಿ ಇಳಿದಿರಲಿಲ್ಲ.

ಯಶೋಧರಾಳನ್ನು ಒಳಗೆ ಕರೆದರು. ಧರ್ಮೇಶನಿಗೆ ಕೂರಲಾಗಲಿಲ್ಲ. ಎದ್ದು ಮೆಟ್ಟಿಲ ತಿರುವಿಗೆ ಬಂದ. ಅಲ್ಲಿ ಸ್ವಲ್ಪ ತಂಪಿತ್ತು. ಗಿಡ್ಡಯ್ಯ ಏಣಿಯನ್ನು ಕೆಳಗೆ ಸಾಗಿಸಿದ್ದ. ಮೈಸೆಲ್ಫ್ ಧರ್ಮೇಶ್, ಮೈಸೆಲ್ಫ್ ಧರ್ಮೇಶ್, ಕಡೆ, ಯಾವ ಕಡೆ, ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು, ಒಳಗಿರುವವಳು ಈಗಾಗಲೇ ಹೇಳಿರುತ್ತಾಳೆ, ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಎಂದುಕೊಳ್ಳುತ್ತ ಕಣ್ಣು ಮುಚ್ಚಿ ಹಣೆಯನ್ನು ಗೋಡೆಗೆ ಒರಗಿಸಿದ. ಗೋಡೆ ತೇವವಾಗಿ, ಹಿತವಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತನೋ. ಹಣೆ ಒದ್ದೆ ಎನ್ನಿಸಿ, ಬೆವರೆಂದುಕೊಂಡು ಮೂರು ಬೆರಳಿನಿಂದ ಎಡದಿಂದ ಬಲಕ್ಕೆ ಒಂದು ಸಲ ಸವರಿ, ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡು ಒಳಗೆ ಹೋಗಿ ಕೂತ. ಸುಣ್ಣದ ಗುಣವೇ ಹಾಗೆ. ಹಸಿಯಿರುವಾಗ ಬರೀ ನೀರು ಅನ್ನಿಸಿಕೊಂಡು ಸುಮ್ಮನಿರುತ್ತದೆ, ಒಣಗಿದ ಮೇಲೆ ತನ್ನ ಬಣ್ಣ ತೋರಿಸುತ್ತದೆ.

ಯಶೋಧರಾ ಬೇಗ ಹೊರಬಂದಳು. ಇವನ ಎದುರಿಗೆ ಬಂದು ನಿಂತಳು. ಅವನ ಮುಖವನ್ನೇ ನೋಡುತ್ತ ಏನೋ ಹೇಳಹೊರಟವಳು ತಡೆದಳು.

“ಏನ್ ಕೇಳಿದ್ರು?” ಎಂದ ಧರ್ಮೇಶ.

“ಹೆಸ್ರು ಯಾರಿಟ್ಟಿದ್ದು ಅಂದ್ರು. ಅಪ್ಪ ಅಂದೆ. ಯಾಕೆ ಇದೇ ಹೆಸ್ರು ಅಂದ್ರು. ಬೌದ್ಧರು ಅಂದೆ. ಆಮೇಲೆ ಬೆವರೊರೆಸ್ಕೊಂಡು, ತಿಳಿಸ್ತೀವಿ ಅಂದ್ರು.” ಅವಳ ಕಣ್ಣು ಇನ್ನೂ ಅವನ ಮುಖದ ಮೇಲೇ ಇತ್ತು. “ನಿಂಗೆ ಆ ತಾಪತ್ರಯ ಇಲ್ಲ ಬಿಡು.”

“ಹಂಗಂದ್ರೆ?”

“ಚೆನ್ನಾಗೈತೆ ಕಣೋ. ನಿಂಗೆ ಒಪ್ಪುತ್ತೆ.”

ಧರ್ಮೇಶ ಟೈ ಮುಟ್ಟಿಕೊಂಡ. “ಹಾಸನದಲ್ಲಿ ತಗೊಂಡೆ” ಎಂದ, ನಾಚಿಕೊಂಡು.

ಯಶೋಧರಾಳ ಮುಖದಲ್ಲಿ ಒಂದು ವಿಚಿತ್ರ ನಗು ಬಂದು, ಅರ್ಧದಲ್ಲೇ ನಿಂತುಹೋಯಿತು. ಅವಳು ತಿರುಗಿ ನೋಡದೆ ಮೆಟ್ಟಿಲಿಳಿದು ಹೋದಳು. ಕೆಲಸ ಸಿಗಲಿಲ್ಲವೆಂದು ಬೇಜಾರಾಗಿರಬೇಕು, ಪಾಪ, ಎಂದುಕೊಂಡ. ಪಾಪ ಎಂದುಕೊಳ್ಳುವಾಗ ಒಳಗೆಲ್ಲೋ ಸಣ್ಣಗೆ ಖುಷಿಯಾದದ್ದನ್ನೂ ಗಮನಿಸಿದ. ತನ್ನ ಮನಸ್ಸು ಎಷ್ಟು ಕೊಳಕು ಎಂದು ಹೇಸಿಕೊಳ್ಳುವಷ್ಟರಲ್ಲಿ ಅವನ ಹೆಸರು ಕೂಗಿದರು.

ಒಳಗೆ ತಿರುಗುವ ಕುರ್ಚಿಯಲ್ಲಿ ಶರತ್‌ಚಂದ್ರ ತಿರುಗುತ್ತಿದ್ದ. ಬೆಂಗಳೂರಿನಲ್ಲಿ ಎರಡು ವರ್ಷ ಏನನ್ನೋ ಓದಿ, ಕೂದಲಿಗೆ ಜೆಲ್ ಹಚ್ಚುವುದನ್ನು ಕಲಿತು ಬಂದವನು. ಮೂಲೆಯ ಮರದ ಕುರ್ಚಿಯಲ್ಲಿ ದೇವೀರಪ್ಪನವರು ಪಂಚೆ ಮೇಲೆತ್ತಿ ಕೂತಿದ್ದರು. ಹಣೆಯ ತುಂಬ ವಿಭೂತಿ. ಕಾಯಿ ಕುಲುಕಿ ಕಿವಿಗಿಟ್ಟು ಒಳಗಿನ ಕೊಬ್ಬರಿ ಹೇಳುವ ಅವರು ಒಳಬಂದ ಪ್ರತಿಭೆಗಳನ್ನೂ ಹಾಗೇ ನೋಡುತ್ತಿದ್ದರು. ಆದರೆ ಧರ್ಮೇಶನನ್ನು ಕಂಡದ್ದೇ ಅವರ ಮುಖ ಸಡಿಲವಾಯಿತು. “ಬನ್ನಿ, ಬನ್ನಿ. ಕೂತ್ಕಳಿ. ಬಿಸ್ಲಲ್ ಬಂದಿದೀರಿ, ಫ್ಯಾನ್ ಕೆಳ್ಗೆ ಎಳ್ಕಳಿ ಕುರ್ಚಿನ” ಎಂದರು. ಧರ್ಮೇಶನಿಗೆ ಆಶ್ಚರ್ಯವಾಯಿತು. ಈ ಬೀದಿಯಲ್ಲಿ ಅವನ ಮನೆತನಕ್ಕೆ ಯಾರೂ ಇದುವರೆಗೆ ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಳ್ಳಲು ಹೇಳಿರಲಿಲ್ಲ. ಟೈ ಸಾರ್ಥಕವಾಯಿತು ಎಂದುಕೊಂಡ.

“ನಿಮ್ಮ ವೀಕ್‌ನೆಸ್ ಏನು?” ಎಂದ ಶರತ್‌ಚಂದ್ರ. ಹಾರ್ಡ್ ವರ್ಕ್, ಎಂದ ಧರ್ಮೇಶ. ಅದು ಸ್ಟ್ರೆಂತಿನ ಉತ್ತರವಾಗಿತ್ತು, ತಿರುವುಮುರುವಾಯಿತು. ಆದರೆ ಶರತ್‌ಚಂದ್ರ ಮೆಚ್ಚಿ ತಲೆಯಾಡಿಸಿದ. ಐದು ವರ್ಷದ ನಂತರ ಎಲ್ಲಿರ್ತೀರಿ ಎಂದ. ಅರಸೀಕೆರೇಲೇ ಸಾರ್, ಎಂದ. ಅದಕ್ಕೂ ಮೆಚ್ಚಿಗೆಯಾಯಿತು. ಏನು ಹೇಳಿದರೂ ಒಪ್ಪಿತವಾಗುತ್ತಿರುವ ಈ ಸುಖ ಧರ್ಮೇಶನಿಗೆ ಹೊಸದು. ಬೆನ್ನು ತಾನಾಗಿ ನೆಟ್ಟಗಾಯಿತು. ಫಿಲ್ಟರನ್ನು ಮಾರಿ ತೋರಿಸಿ ಎಂದಾಗ ಅವನು ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ತನ್ನ ಮಾತಿನಲ್ಲಿ ಶುರುಮಾಡಿದ. “ನಮ್ ಕಡೆ ಬೋರ್ ನೀರು ನೋಡಕ್ಕೆ ತಿಳಿಯಾಗಿರುತ್ತೆ ಸಾರ್. ಏನೂ ಇಲ್ಲ ಅನ್ಸುತ್ತೆ. ಕಾಯ್ಸಿ, ಪಾತ್ರೆ ಒಣಗಕ್ಕೆ ಬಿಡಿ. ತಳದಲ್ಲಿ ಬೆಳ್ಳಗೆ ಸುಣ್ಣ ಕೂತಿರುತ್ತೆ. ನಮ್ಮವ್ವ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಸೋತವ್ರೆ. ಪಾತ್ರೆ ಉಜ್ಬೋದು ಸಾರ್, ಹೊಟ್ಟೆ ಒಳ್ಗೆ ಕೈ ಹಾಕಿ ಉಜ್ಜಕ್ಕಾಗುತ್ತಾ?” ಫಿಲ್ಟರು ಆ ಸುಣ್ಣವನ್ನು ತೆಗೆಯುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ಶರತ್‌ಚಂದ್ರನಿಗೂ ಗೊತ್ತಿರಲಿಲ್ಲ. ಆದರೂ ಶರತ್‌ಚಂದ್ರ ತಿರುಗುವುದನ್ನು ನಿಲ್ಲಿಸಿದ. ದೇವೀರಪ್ಪನವರು “ಭೇಷ್” ಎಂದರು. ಆ ಕ್ಷಣ ಧರ್ಮೇಶ ನಿಜಕ್ಕೂ ಸುಖವಾಗಿದ್ದ. ಇದು ನನ್ನದು, ಎಂದುಕೊಂಡ. ಇಷ್ಟು ನನ್ನದು.

ಆಮೇಲೆ ಅದು ಬಂದೇ ಬಂತು. “ಯಾವ ಕಡೆಯೋರು?” ಎಂದರು ದೇವೀರಪ್ಪನವರು.

ಹೇಳಬೇಕು ಎಂದುಕೊಂಡದ್ದನ್ನು ನಾಲಗೆ ಕೇಳಲಿಲ್ಲ. “ಗಂಡಸಿ ಕಡೆಯೋರು” ಎಂದು, ‘ಅದಲ್ಲ’ ಎಂಬ ಮುಂದಿನ ಮಾತಿಗಾಗಿ ಕೆಮ್ಮು ಸಿದ್ಧಮಾಡಿಕೊಂಡು ಕೂತ. ಆ ಮಾತು ಬರಲಿಲ್ಲ. ದೇವೀರಪ್ಪನವರು ಅವನ ಹಣೆಯ ಹತ್ತಿರವೆಲ್ಲೋ ಪ್ರೀತಿಯಿಂದ ನೋಡುತ್ತಿದ್ದರು.

“ಸಂತೋಷ. ಕೇಳದೇನು, ನೋಡಿದ್ರೇ ಗೊತ್ತಾಗುತ್ತೆ ಬಿಡಿ. ಏನಂದ್ರೆ ತಮ್ಮಾ, ಇದು ಅಡುಗೆಮನೆ ತಂಕ ಹೋಗೋ ಕೆಲ್ಸ. ಕುಡಿಯೋ ನೀರು ಮುಟ್ಟೋ ಕೆಲ್ಸ. ಯಾರ್ನ್ ಬೇಕಾದ್ರೂ ಕಳ್ಸಿದ್ರೆ ಆಯ್ತದಾ? ನಾವು ಭೇದ ಮಾಡೋರಲ್ಲ. ಗಿರಾಕಿಗಳು ಮಾಡ್ತಾರೆ.”

“ಕಸ್ಟಮರ್ ಕಂಫರ್ಟ್ ಅಂತಾರೆ ಅಪ್ಪಾಜಿ ಅದಕ್ಕೆ” ಎಂದು ಶರತ್‌ಚಂದ್ರ ತಿದ್ದಿದ.

ಧರ್ಮೇಶನಿಗೆ ಏನೋ ತಪ್ಪಾಗಿದೆ ಎನ್ನಿಸಿತು. ಆದರೆ ಎಲ್ಲಿ ಎಂದು ಹುಡುಕುವಷ್ಟರಲ್ಲಿ, ಕೊನೆಯ ಪರೀಕ್ಷೆಯೆಂದು ಅವನ ಕೈಗೆ ಫಿಲ್ಟರು ಕೊಟ್ಟು, ಮೇಲಿನ ಮನೆಗೆ ಹೋಗಿ ಅಮ್ಮನ ಅಡುಗೆಮನೆಯಲ್ಲಿ ಜೋಡಿಸಿ ತೋರಿಸಿ ಬರುವಂತೆ ಕಳಿಸಿದರು.

ದೇವೀರಪ್ಪನವರ ಹೆಂಡತಿ ಸುಮಿತ್ರಮ್ಮ ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿ, ಒಂದು ಮಾತೂ ಕೇಳದೆ ನಡುಮನೆ ದಾಟಿಸಿ, ದೇವರ ಕೋಣೆಯ ಪಕ್ಕದಿಂದ ಸೀದಾ ಅಡುಗೆಮನೆಗೆ ಕರೆದೊಯ್ದರು. “ಅಗೋ ಬಿಂದಿಗೆ. ನೀವೇ ಬಗ್ಗಿಸ್ಕಳಪ್ಪ, ಸಂಕೋಚ ಬ್ಯಾಡ. ಕಾಫಿ ಇಡ್ತೀನಿ” ಎಂದರು. ಧರ್ಮೇಶ ಕುಡಿಯುವ ನೀರಿನ ಬಿಂದಿಗೆಗೆ ಕೈ ಹಾಕಿದ. ಬೇಲೂರಿನ ಬೊಗಸೆ ನೆನಪಾಯಿತು. ಯಶೋಧರಾ ಈಗ ಇದ್ದು ನೋಡಬೇಕಿತ್ತು. ಬದಲಾಗುತ್ತಿದೆ ಕಾಲ, ಎಂದುಕೊಂಡ, ಅಪ್ಪನ ಪೂರ್ಣಿಮೆಯ ಭಾಷಣದ ಧಾಟಿಯಲ್ಲಿ. ಒಬ್ಬ ಮನುಷ್ಯ ತನ್ನ ಮಾತಿನಿಂದ, ನಡತೆಯಿಂದ ಎಲ್ಲಿಯವರೆಗೆ ಬರಬಹುದು! ಫಿಲ್ಟರಿನೊಳಗೆ ನೀರು ಶೋಧಿಸುವ ಕ್ಯಾಂಡಲ್ ಸಿಕ್ಕಿಸಿ, ನೀರು ಬಗ್ಗಿಸಿ, ಮುಚ್ಚಳ ಹಾಕಿ, ನಲ್ಲಿ ತಿರುಗಿಸಲು ಬಗ್ಗಿದಾಗ ಹೊಳೆಯುವ ಸ್ಟೀಲಿನಲ್ಲಿ ಅವನ ಮುಖ ಅಡ್ಡಡ್ಡಕ್ಕೆ ಹಿಗ್ಗಿಕೊಂಡು ಕಂಡಿತು. ಮೂಗು ದಪ್ಪ, ಟೈ ದಪ್ಪ, ಹಣೆಯ ಉದ್ದಕ್ಕೂ ಬೆಳ್ಳಗೆ, ಅಚ್ಚುಕಟ್ಟಾಗಿ, ಮೂರು ಪಟ್ಟೆ.

ಒಂದು ಕ್ಷಣ ಅದು ದೇವೀರಪ್ಪನವರ ಮುಖ ಅನ್ನಿಸಿ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಒಂದೊಂದೇ ಅರ್ಥವಾಗುತ್ತ ಬಂತು. ತಂಪು ಗೋಡೆ. ಬೆವರೆಂದುಕೊಂಡು ಸವರಿದ ಮೂರು ಬೆರಳು. ಫ್ಯಾನಿನ ಕೆಳಗಿನ ಕುರ್ಚಿ, ಭೇಷ್, ನೋಡಿದ್ರೇ ಗೊತ್ತಾಗುತ್ತೆ ಬಿಡಿ. ಇದು ನನ್ನದು ಎಂದುಕೊಂಡದ್ದರಲ್ಲಿ ತನ್ನದೆಷ್ಟು, ಗೋಡೆಯದೆಷ್ಟು? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಅವನ ಪಾಲಿಗೆ ಸುಣ್ಣವೇ ಬೆಣ್ಣೆಯಾಗಿ ಕೂತಿತ್ತು. ಮತ್ತೆ ಯಶೋಧರಾ. ಚೆನ್ನಾಗೈತೆ ಕಣೋ, ನಿಂಗೆ ಒಪ್ಪುತ್ತೆ. ಅವನ ಕಿವಿ ಬಿಸಿಯಾಯಿತು. ‘ಹಾಸನದಲ್ಲಿ ತಗೊಂಡೆ’ ಎಂದಿದ್ದನಲ್ಲ! ಅವಳು ಇವತ್ತೇ ಅವಳಪ್ಪನಿಗೆ ಹೇಳುತ್ತಾಳೆ. ಅವರು ಪೂರ್ಣಿಮೆಯ ಹೊತ್ತಿಗೆ ಅಪ್ಪನಿಗೆ. ಅಥವಾ ಯಾರಿಗೂ ಹೇಳುವುದಿಲ್ಲ, ಬೇಲೂರಿನ ನೀರಿನ ವಿಷಯ ಹೇಗೆ ಯಾರಿಗೂ ಹೇಳಿರಲಿಲ್ಲವೋ ಹಾಗೆ. ಅದು ಇನ್ನೂ ಕಷ್ಟ. ಅವನು ಅಂಗಿಯ ತೋಳನ್ನು ಹಣೆಗೆ ಒತ್ತಿ, ಅಪ್ಪ ಗೇಟಿನ ಹತ್ತಿರ ಉಜ್ಜುತ್ತಿದ್ದ ಹಾಗೆ, ಚರ್ಮ ಉರಿಯುವಷ್ಟು ಉಜ್ಜಿದ. ಸ್ಟೀಲಿನಲ್ಲಿ ಹಣೆ ಬರಿದಾಯಿತು. ತಪ್ಪು ತನ್ನದಲ್ಲ, ಗೋಡೆಯದು. ಈಗ ಅದೂ ಅಳಿಸಿತು. ಕೆಳಗೆ ಹೋಗಿ ಸೀದಾ ಹೇಳಿಬಿಡುವುದು. ನಾವು ಬೌದ್ಧರು ಸಾರ್. ಕೆಲಸ ಕೊಟ್ಟರೆ ಕೊಡಲಿ, ಆಗ ಅದು ತನ್ನದು. ಕೊಡದಿದ್ದರೆ ಬಸ್‌ಸ್ಟ್ಯಾಂಡಿಗೆ ಓಡಿದರೆ ಯಶೋಧರಾ ಇನ್ನೂ ಸಿಕ್ಕಾಳು.

“ಅಯ್ಯೋ, ಬೆವ್ರಿಗೆ ಇಬೂತಿ ಅಳ್ಸೋಯ್ತಲ್ಲಪ್ಪ!”

ಸುಮಿತ್ರಮ್ಮ ಕಾಫಿ ಲೋಟ ಕಟ್ಟೆಯ ಮೇಲಿಟ್ಟು, ಅವನು ಬಾಯಿ ತೆರೆಯುವಷ್ಟರಲ್ಲಿ ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿಯನ್ನು ತಂದು ಅಂಗೈಯಲ್ಲಿ ಹಿಡಿದು ನಿಂತರು. “ತಗೋ, ಹಚ್ಕ. ಹೊಸ ಕೆಲ್ಸಕ್ಕೆ ಸೇರೋ ದಿನ ಬರೀ ಹಣೇಲಿ ಹೋಗ್ಬಾರ್ದು ಮಗಾ.” ಮಗಾ ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಆಕೆ ಕೆಟ್ಟವರಾಗಿದ್ದರೆ, ಮೂಗು ಮುರಿದಿದ್ದರೆ, ಅವನು ಹೇಳಿಬಿಡುತ್ತಿದ್ದನೇನೋ. ಈಗ ಹೇಳಿದರೆ ಈ ಮುಖವೂ ‘ಓಹೋ’ ಎಂದು ಒಂದು ಕ್ಷಣ ತಡೆಯುತ್ತದೆ. ಕಣ್ಣು ಬಿಂದಿಗೆಯ ಕಡೆ ಹೋಗುತ್ತದೆ. ಅವನು ಹೋದ ಮೇಲೆ ಆ ಬಿಂದಿಗೆಯನ್ನು ಏನು ಮಾಡುತ್ತಾರೆ ಎಂಬುದೂ ಅವನ ಕಣ್ಣಿಗೆ ಕಟ್ಟಿತು. ಬೂದಿ ತಾನೆ, ಎಂದುಕೊಂಡ. ಇದರಲ್ಲೇನಿದೆ, ಸಗಣಿಯ ಬೂದಿ. ಇಲ್ಲವೆನ್ನುವುದು ಒರಟಾಗುತ್ತದೆ. ಇವತ್ತೊಂದು ದಿನ. ಇವತ್ತೊಂದು ದಿನ, ಎಂದು ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಗೋಡೆ ಹಚ್ಚಿದ್ದು ಬೇರೆ, ತಾನು ಹಚ್ಚಿಕೊಳ್ಳುವುದು ಬೇರೆ ಎಂಬುದೂ ಗೊತ್ತಿತ್ತು. ಯಶೋಧರಾ ನೋಡಿದಾಗ ಸುಳ್ಳಾಗಿದ್ದದ್ದು ಇನ್ನು ನಿಜವಾಗುತ್ತದೆ. ಹಚ್ಚಿಕೊಳ್ಳುವುದು ಹೇಗೆಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಕೈ ಮಾತ್ರ ಆಗಲೇ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಕೊಂಡಿತ್ತು. ಮೂರು ಬೆರಳನ್ನು ಗಟ್ಟಿಗೆ ಉಜ್ಜಿ, ಎಡದಿಂದ ಬಲಕ್ಕೆ ಎಳೆದುಕೊಂಡ. ಸುಮಿತ್ರಮ್ಮ ಕಾಫಿ ಲೋಟವನ್ನು ಕೈಗೆ ಕೊಟ್ಟರು, ಮುಟ್ಟಿಯೇ ಕೊಟ್ಟರು. ಕಾಫಿ ಚೆನ್ನಾಗಿತ್ತು.

ಕೆಳಗೆ ಶರತ್‌ಚಂದ್ರ ಎದ್ದು ನಿಂತು ಕೈ ಕುಲುಕಿದ. “ಸೋಮವಾರದಿಂದ ಬನ್ನಿ. ದಿನಾ ಹಿಂಗೇ ಬನ್ನಿ. ಟೈ ಪ್ಲಸ್ ವಿಭೂತಿ. ಮಾಡರ್ನ್, ಬಟ್ ನಮ್ಮೋರು. ಇದೇ ನಮ್ ಬ್ರ್ಯಾಂಡ್ ಇಮೇಜ್ ಅಪ್ಪಾಜಿ!” ಎಂದ. ದೇವೀರಪ್ಪನವರು, ಗಂಡಸಿಯಲ್ಲಿ ತಮಗೂ ಹಳೆಯ ನೆಂಟಸ್ತಿಕೆ ಇದೆಯೆಂದೂ, ಒಂದು ದಿನ ಧರ್ಮೇಶನ ತಂದೆಯವರನ್ನು ನೋಡಲು ಬರುವುದಾಗಿಯೂ ಹೇಳಿದರು. ಧರ್ಮೇಶ ನಕ್ಕ. ಹಾಲಿನಲ್ಲಿ ಉಳಿದ ಪ್ರತಿಭೆಗಳಿಗೆ ‘ತಿಳಿಸ್ತೀವಿ’ ಎಂದು ಹೇಳುತ್ತಿದ್ದರು.

ಮೆಟ್ಟಿಲ ತಿರುವಿಗೆ ಬಂದಾಗ ಅವನ ಕಾಲು ತಾನಾಗಿ ನಿಂತಿತು. ಇಲ್ಲೇ, ತನ್ನ ಹಣೆಯ ಎತ್ತರಕ್ಕೆ, ಸುಣ್ಣ ಕಿತ್ತುಬಂದ ಒಂದು ಗುರುತು ಇರಬೇಕು. ಅದು ಸಾಕ್ಷಿ. ಯಶೋಧರಾಳನ್ನು ಕರೆತಂದು ತೋರಿಸಬಹುದು: ನೋಡು, ನಾನಲ್ಲ, ಗೋಡೆ. ಮೊದಲನೆಯದು ಗೋಡೆಯದೇ ತಾನೆ. ಎರಡನೆಯದನ್ನು ಅವಳು ನೋಡಿಲ್ಲ, ಇಲ್ಲೇ ಒರೆಸಿಕೊಂಡರಾಯಿತು. ಕರ್ಚೀಫಿಗಾಗಿ ಜೇಬಿಗೆ ಕೈ ಹಾಕಿಕೊಂಡೇ ಗೋಡೆಗೆ ಮುಖ ಹತ್ತಿರ ತಂದು ಹುಡುಕಿದ. ಗುರುತು ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಗೋಡೆ ಒಂದೇ ಸಮನೆ ಒದ್ದೆಯಾಗಿ ಮಿಂಚುತ್ತಿತ್ತು. ಎರಡನೇ ಕೋಟು ಬಳಿದಾಗಿತ್ತು.

“ಬುದ್ಧಿ” ಎಂದಿತು ಒಂದು ದನಿ.

ದೇವೀರಪ್ಪನವರು ಹಿಂದೆಯೇ ಇಳಿದು ಬಂದರೇನೋ ಎಂದು ಧರ್ಮೇಶ ಅವಸರದಿಂದ ಗೋಡೆಗೆ ಸರಿದು ದಾರಿ ಬಿಡಹೋದ. ಹಿಂದೆ ಯಾರೂ ಇರಲಿಲ್ಲ. ಕೆಳಗೆ ಗಿಡ್ಡಯ್ಯ ಏಣಿಯಿಂದ ಇಳಿದು, ಸುಣ್ಣದ ಬ್ರಶ್ಶನ್ನು ಬೆನ್ನ ಹಿಂದೆ ಹಿಡಿದು, ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕಂಕುಳಲ್ಲಿ ಇರುಕಿಕೊಂಡು, ಇವನ ಹಣೆಯನ್ನೇ ನೋಡುತ್ತ ನಿಂತಿದ್ದ.

“ತಮ್ಗೇ ಯೋಳ್ತಿರದು ಬುದ್ಧಿ. ವಸಿ ಗ್ವಾಡೆ ಬಿಟ್ಟು ಇಳೀರಿ. ಸುಣ್ಣ ಇನ್ನೂ ಹಸಿ ಐತೆ.”

ಜೇಬಿನೊಳಗೆ ಕರ್ಚೀಫು ಕೈಗೆ ಸಿಕ್ಕಿತ್ತು. ಧರ್ಮೇಶ ಅದನ್ನು ಅಲ್ಲೇ ಬಿಟ್ಟ.

“ಆಯ್ತಪ್ಪ” ಎಂದು ಓಗೊಟ್ಟು, ಗೋಡೆ ಬಿಟ್ಟು, ಮೆಟ್ಟಿಲ ನಡುಮಧ್ಯದಲ್ಲಿ ಇಳಿದುಹೋದ.